ನಮ್ಮ ಕಡೆಯವರು, ಆದರೆ ನಮ್ಮವರಲ್ಲ

"ಕೋಚಾ? ಅಂದ್ರೆ ದ್ರಾವಿಡ್ ಥರಾನೇನೆ?"

ಅರಸೀಕೆರೆಯಿಂದ ಫೋನಿನಲ್ಲಿ ಚಿಕ್ಕಮ್ಮ ಹೀಗೆ ಕೇಳಿದಾಗ ನಕ್ಕುಬಿಟ್ಟೆ. ನಗಬಾರದಿತ್ತು. ಅವರ ಮಗಳ ಮದುವೆ ಮುರಿಯುತ್ತಿತ್ತು. ಮಗಳು ವಕೀಲರ ಜೊತೆಗೆ 'ಡಿವೋರ್ಸ್ ಕೋಚ್' ಅನ್ನುವ ಇನ್ಯಾರಿಗೋ ದುಡ್ಡು ಕೊಡುತ್ತಿದ್ದಾಳೆ ಎಂಬ ಸುದ್ದಿ ಆವತ್ತು ಬೆಳಿಗ್ಗೆಯಷ್ಟೇ ಅವರ ಕಿವಿಗೆ ಬಿದ್ದಿತ್ತು. ಈಗ ಯೋಚಿಸಿದರೆ ಆ ಹೋಲಿಕೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಭಾರತ ತಂಡದ ಕೋಚ್ ಆಗಿದ್ದಷ್ಟು ದಿನ ದ್ರಾವಿಡ್ ಪ್ಯಾಡ್ ಕಟ್ಟಿಕೊಂಡು ಕ್ರೀಸಿಗೆ ಹೋಗಲಿಲ್ಲ. 2024ರ ಜೂನ್‌ನಲ್ಲಿ ಬಾರ್ಬಡೋಸ್‌ನಲ್ಲಿ ವಿಶ್ವಕಪ್ ಗೆದ್ದಾಗಲೂ ಅವರು ಬೌಂಡರಿ ಗೆರೆಯ ಆಚೆಗೇ ಇದ್ದರು. ಚೆಂಡು ಎದುರಿಸುವವರು ಬೇರೆ, ಔಟಾದರೆ ತಲೆ ತಗ್ಗಿಸಿ ವಾಪಸು ಬರುವವರೂ ಬೇರೆ. ವಿಚ್ಛೇದನದ ಕೋಚ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ಮಾತ್ರವೇ ಆಗಿರಬೇಕು ಕೂಡ.

ನನ್ನ ಚಿಕ್ಕಪ್ಪನ ಮಗಳು ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಬನಶಂಕರಿಯಲ್ಲಿ ಬಾಡಿಗೆ ಮನೆ, ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಒಬ್ಬಳು ಮಗಳು. ಗಂಡ ಮನೆ ಬಿಟ್ಟು ಹೋದಾಗ ಮಗುವಿಗೆ ನಾಲ್ಕು ವರ್ಷ. ಯಾಕೆ ಹೋದ, ಯಾರದು ತಪ್ಪು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬರೆಯಲು ಒಪ್ಪಿಗೆ ಕೊಡುವಾಗ ಅವಳು ಹಾಕಿದ ಷರತ್ತು ಅದೊಂದೇ.

ಸುದ್ದಿ ಹರಡಿದ ವಾರದಲ್ಲಿ ಅವಳಿಗೆ ಸಲಹೆಗಳ ಸುರಿಮಳೆಯಾಯಿತು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂದರು ಚಿಕ್ಕಮ್ಮ. ಉಣ್ಣಲು, ಮಲಗಲು ಅವನು ಮನೆಗೇ ಬರುತ್ತಿಲ್ಲವಲ್ಲ ಎಂದು ನೆನಪಾಗಿ ಅವರೇ ಸುಮ್ಮನಾದರು. ಸೋದರಮಾವ ಜಾತಕ ತರಿಸಿಕೊಂಡು ನೋಡಿ, ಗುರುಬಲ ಬರುವ ತನಕ ಕಾಯಬೇಕೆಂದರು. ಆಫೀಸಿನ ಗೆಳತಿ ಪೊಲೀಸ್ ಕಂಪ್ಲೇಂಟ್ ಕೊಡು, ಬುದ್ಧಿ ಬರಲಿ ಅಂದಳು. ಯೋಚಿಸಿದರೆ ಪ್ರತಿಯೊಂದು ಸಲಹೆಯಲ್ಲೂ ಹೇಳಿದವರ ಪಾಲೊಂದು ಇತ್ತು. ಚಿಕ್ಕಮ್ಮನಿಗೆ ಊರಿನಲ್ಲಿ ತಲೆ ಎತ್ತಿ ಓಡಾಡಬೇಕಿತ್ತು. ಈ ಸಂಬಂಧ ತಂದವರೇ ಸೋದರಮಾವ. ಗೆಳತಿ ತನ್ನ ಮನೆಯಲ್ಲಿ ಹೊರಹಾಕಲಾಗದ ಸಿಟ್ಟನ್ನು ಇಲ್ಲಿ ಹಾಕುತ್ತಿದ್ದಳು.

ನನ್ನ ಪಾಲು ಎಲ್ಲರಿಗಿಂತ ಕೆಟ್ಟದ್ದು. ಒಂದು ರಾತ್ರಿ ಹನ್ನೊಂದಕ್ಕೆ ಅವನಿಂದ ಉದ್ದನೆಯ ವಾಟ್ಸ್‌ಆಪ್ ಸಂದೇಶ ಬಂತು. "ಅಕ್ಕಾ, ಏನಂತ ಬರೀಲಿ?" ಎಂದು ಅವಳು ಕೇಳಿದಳು. ನಾನು ಬರೆಯುವವಳಲ್ಲವೇ, ಉಪಮೆ ಸಮೇತ ಹೇಳಿ ಬರೆಸಿದೆ. ಅವನ ತಾಯಿಯನ್ನೂ ಎಳೆದು ತಂದಿದ್ದೆ. ಕಳಿಸಿದ ಮೇಲೆ ಇಬ್ಬರಿಗೂ ಒಳ್ಳೆಯ ನಿದ್ದೆ ಬಂತು. ಎಂಟು ತಿಂಗಳ ನಂತರ ಆ ಸಂದೇಶ ಅವನ ಅರ್ಜಿಯ ಜೊತೆ ಲಗತ್ತಾಗಿ ನ್ಯಾಯಾಲಯಕ್ಕೆ ಬಂತು, ಹೆಂಡತಿಯ ಕ್ರೌರ್ಯಕ್ಕೆ ಸಾಕ್ಷಿಯಾಗಿ. ಎದುರು ವಕೀಲರು ಓದುತ್ತಿದ್ದರೆ ನನ್ನ ಉಪಮೆ ನನಗೇ ಕೇಳಲಾಗದಷ್ಟು ಕೆಟ್ಟದಾಗಿತ್ತು.

1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಮು ಹೇಳುವುದು ಇಷ್ಟು: ವ್ಯಾಜ್ಯವನ್ನು ಬಗೆಹರಿಸಲು ನೆರವಾಗುತ್ತದೆ ಎಂದು ನ್ಯಾಯಾಲಯಕ್ಕೆ ತೋರಿದರೆ, ಸಾಕ್ಷ್ಯ ಕಾಯ್ದೆಯ ಕಟ್ಟುಪಾಡು ಏನೇ ಇರಲಿ, ಯಾವ ದಾಖಲೆಯನ್ನಾದರೂ ಅದು ನೋಡಬಹುದು. 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ವಿಭೋರ್ ಗರ್ಗ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಂಡ ಹೆಂಡತಿಯ ಫೋನ್ ಮಾತನ್ನು ಒಬ್ಬರು ಗುಟ್ಟಾಗಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದರೂ ಅದನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷ್ಯವಾಗಿ ಒಪ್ಪಬಹುದು ಎಂದಿತು. ಅಂದರೆ ಮುರಿಯುತ್ತಿರುವ ಮನೆಯಲ್ಲಿ ಆಡಿದ ಮಾತೆಲ್ಲ ಇವತ್ತಲ್ಲ ನಾಳೆ ಪುಟಸಂಖ್ಯೆ ಹಾಕಿಸಿಕೊಂಡು ಕಡತ ಸೇರಬಹುದು.

ಕೋಚ್ ಹತ್ತಿರ ಹೋಗಲು ಹೇಳಿದ್ದು ಅವಳ ವಕೀಲರೇ. ಒಳ್ಳೆಯ ಮನುಷ್ಯ, ಆದರೆ ಹೊರಗೆ ಇನ್ನೂ ಆರು ಕಕ್ಷಿದಾರರು ಕಾಯುತ್ತಿದ್ದರು. ಇವಳು ನಲವತ್ತು ನಿಮಿಷ ಅತ್ತುಕೊಂಡು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಅಮ್ಮಾ, ನೀವು ಹೇಳಿದ್ದರಲ್ಲಿ ನನ್ನ ಅರ್ಜಿಗೆ ಬೇಕಾದ್ದು ಎರಡು ಸಾಲು. ಉಳಿದದ್ದೂ ನಿಜವೇ. ಅದನ್ನ ಹೇಳ್ಕೊಳ್ಳೋಕೆ ನಿಮಗೊಬ್ಬರು ಬೇಕು, ಅದು ನಾನಲ್ಲ" ಎಂದರು. ಇವಳು ಮನೋವೈದ್ಯರನ್ನೂ ನೋಡಿ ಬಂದಳು. ಅವರು ಕಾಯಿಲೆ ಏನಿಲ್ಲ, ದುಃಖ ಇದೆ ಎಂದು ನಿದ್ದೆಗೆ ಹದಿನೈದು ದಿನದ ಮಾತ್ರೆ ಬರೆದುಕೊಟ್ಟರು. ಕಾನೂನಿನದು ವಕೀಲರಿಗೆ, ಕಾಯಿಲೆಯದು ವೈದ್ಯರಿಗೆ ಎಂದು ಹಂಚಿದ ಮೇಲೂ ನಡುವೆ ಒಂದು ರಾಶಿ ಹಾಗೇ ಉಳಿದಿತ್ತು. ಸ್ಕೂಲಿನವರಿಗೆ ಏನು ಹೇಳುವುದು, ಮನೆ ಬಾಡಿಗೆ ಕರಾರು ಅವನ ಹೆಸರಿನಲ್ಲಿದೆಯಲ್ಲ, ಲಾಕರ್ ಕೀ ಯಾರ ಹತ್ತಿರ ಇದೆ, ಅತ್ತೆ ಫೋನ್ ಮಾಡಿದರೆ ಎತ್ತುವುದೇ ಬೇಡವೇ.

ಈ ರಾಶಿಯನ್ನು ಇಟ್ಟುಕೊಂಡು ಅವಳು ಜಯನಗರದಲ್ಲಿದ್ದ ಒಬ್ಬರನ್ನು ಹುಡುಕಿಕೊಂಡು ಹೋದಳು. ಐವತ್ತು ದಾಟಿದ ಹೆಂಗಸು, ಹಿಂದೆ ದೊಡ್ಡ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದವರು, ಸ್ವತಃ ವಿಚ್ಛೇದಿತೆ. ಗಂಟೆಗೆ 2,000 ರೂಪಾಯಿ. ಮೊದಲ ದಿನ ಅವರು ಕಥೆ ಕೇಳಲಿಲ್ಲವಂತೆ. ತಲೆಯಲ್ಲಿರುವ ಚಿಂತೆಗಳನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆಯಲು ಹೇಳಿದರು. ಮೂವತ್ತೊಂದಾಯಿತು. "ಇದರಲ್ಲಿ ಈ ವಾರ ಮಾಡದಿದ್ದರೆ ಕೆಟ್ಟುಹೋಗೋದು ಯಾವುದು?" ಎಂದು ಕೇಳಿದರು. ನೋಡಿದರೆ ಎರಡೇ: ಸ್ಕೂಲ್ ಫೀಸಿನ ಕಂತು ಮತ್ತು ಲಾಕರ್ ಕೀ. "ಉಳಿದ ಇಪ್ಪತ್ತೊಂಬತ್ತನ್ನ ಇಲ್ಲೇ ಬಿಟ್ಟು ಹೋಗಿ, ಮುಂದಿನ ಶನಿವಾರ ವಾಪಸ್ ಕೊಡ್ತೀನಿ" ಅಂದರಂತೆ. ಇವಳು ನಿಜಕ್ಕೂ ಹಾಳೆ ಬಿಟ್ಟು ಬಂದಿದ್ದಳು.

ಆ ಶನಿವಾರಗಳಲ್ಲಿ ನಡೆದ ಕೆಲಸಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಒಡವೆಯ ಪಟ್ಟಿ. ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಪುಸ್ತಕ ಇರುತ್ತದೆ. ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ನೋಟ್‌ಬುಕ್ಕು, ಅಕ್ಷರ ದುಂಡಗಿರುವ ಒಬ್ಬ ಹುಡುಗ, ಪಕ್ಕದಲ್ಲಿ ದುಡ್ಡಿನ ಚೀಲ ಹಿಡಿದ ಒಬ್ಬ ಹಿರಿಯ. ಯಾರು 101 ಕೊಟ್ಟರು, ಯಾರು 501, ಯಾರದು ಸ್ಟೀಲ್ ಕೊಳಗ, ಯಾರದು ಗೋಡೆ ಗಡಿಯಾರ, ಎಲ್ಲ ದಾಖಲು. ನಾಳೆ ಅವರ ಮನೆಯ ಮದುವೆಗೆ ತಿರುಗಿ ಕೊಡಬೇಕಲ್ಲ! ಚಿಕ್ಕಮ್ಮನ ಬೀರುವಿನಲ್ಲಿ ಆ ಪುಸ್ತಕ ಈಗಲೂ ಇದೆ, ಬಾಣಾವರದ ದೂರದ ನೆಂಟರೊಬ್ಬರ 51 ರೂಪಾಯಿ ಸಮೇತ. ಆದರೆ ತವರಿನಿಂದ ಮಗಳಿಗೆ ಏನೇನು ಹಾಕಿ ಕಳಿಸಿದೆವು ಎಂಬುದು ಎಲ್ಲೂ ಬರೆದಿಲ್ಲ. ಮನೆ ಮಗಳಿಗೆ ಕೊಟ್ಟಿದ್ದನ್ನು ಬರೆದಿಡುವುದೇ!

ಬರೆದಿಡಬೇಕು ಅನ್ನುತ್ತದೆ ಕಾನೂನು, ಅದೂ 1985ರಿಂದ. ವರದಕ್ಷಿಣೆ ನಿಷೇಧ ಕಾಯ್ದೆಯಡಿ ಆ ವರ್ಷ ಬಂದ ನಿಯಮಗಳ ಪ್ರಕಾರ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ ವರನಿಗೆ ಬಂದವುಗಳದ್ದನ್ನು ವರನೂ ಮದುವೆಯ ಹೊತ್ತಿಗೇ ಬರೆದಿಟ್ಟುಕೊಂಡು, ಇಬ್ಬರೂ ಸಹಿ ಹಾಕಬೇಕು. ನಾನು ಹೋದ ನೂರಾರು ಮದುವೆಗಳಲ್ಲಿ ಅಂಥದ್ದೊಂದು ಪಟ್ಟಿ ಕಂಡಿಲ್ಲ. ಅದೇ 1985ರಲ್ಲಿ ಸುಪ್ರೀಂ ಕೋರ್ಟ್ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ತ್ರೀಧನ ಹೆಂಡತಿಯದೇ ಸ್ವತ್ತು, ಗಂಡನ ಮನೆ ಸೇರಿದ ಮಾತ್ರಕ್ಕೆ ಅದು ಇಬ್ಬರ ಆಸ್ತಿಯಾಗುವುದಿಲ್ಲ ಎಂದು ಹೇಳಿತ್ತು. ಹಕ್ಕೇನೋ ಗಟ್ಟಿ. ಯಾವ ಒಡವೆ, ಎಷ್ಟು ಗ್ರಾಂ ಎಂದರೆ ಉತ್ತರವಿಲ್ಲ.

ಮದುವೆ ಆಲ್ಬಮ್ ತೆಗೆಯಬೇಕಾಯಿತು. ಅದನ್ನು ಮುಟ್ಟಲೂ ಆಗುತ್ತಿಲ್ಲ ಅಂದಳು ಇವಳು. ಕೋಚ್ ಹೇಳಿಕೊಟ್ಟ ಉಪಾಯ ಎಷ್ಟು ಸರಳವಾಗಿತ್ತೆಂದರೆ ನನಗೆ ಯಾಕೆ ಹೊಳೆಯಲಿಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. "ಮುಖ ನೋಡಬೇಡಿ. ಕತ್ತು, ಕೈ, ಕಿವಿ, ಸೊಂಟ, ಇಷ್ಟೇ ನೋಡಿ." ಒಂದು ರಟ್ಟಿನ ಹಾಳೆಯಲ್ಲಿ ಅಂಗೈಯಗಲದ ಕಿಂಡಿ ಕತ್ತರಿಸಿಕೊಂಡು ಅದನ್ನು ಫೋಟೋದ ಮೇಲೆ ಸರಿಸುತ್ತ ಹೋಗಬೇಕು. ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಹಾಗೆ ಕೂತೆವು. ಕಿಂಡಿಯಲ್ಲಿ ಎರಡೆಳೆ ಸರ ಬಂತು, ಬರೆದುಕೊಂಡೆವು. ಅಜ್ಜಿಯ ಕಾಸಿನ ಸರ, ನಾಲ್ಕು ಬಳೆ, ಮಾವಿನಕಾಯಿ ಡಿಸೈನಿನ ಜುಮುಕಿ, ಡಾಬು. ಒಂದು ಫೋಟೋದಲ್ಲಿ ಕಿಂಡಿ ಸ್ವಲ್ಪ ಜಾರಿ, ಕುತ್ತಿಗೆಯ ಬದಲು ಕಳೆದ ವರ್ಷ ತೀರಿಕೊಂಡ ಚಿಕ್ಕಪ್ಪನ ಕೈ ಕಂಡಿತು, ಧಾರೆಯ ನೀರು ಬೀಳುತ್ತಿದ್ದ ಕೈ. ಅವಳು ಅತ್ತಿದ್ದು ಅಲ್ಲೊಂದೇ ಕಡೆ. ಸಂಜೆಯ ಹೊತ್ತಿಗೆ ಹದಿನಾಲ್ಕು ಸಾಲಿನ ಪಟ್ಟಿ ಸಿದ್ಧವಾಯಿತು. ಅರಸೀಕೆರೆಯ ಅಂಗಡಿಯಿಂದ ಹಳೆಯ ರಸೀದಿಗಳ ಪ್ರತಿ ತರಿಸುವ ಕೆಲಸ ಮಾತ್ರ ಸೋದರಮಾವನ ಪಾಲಿಗೆ ಬಂತು. ಜಾತಕ ನೋಡುವುದಕ್ಕಿಂತ ಇದನ್ನು ಅವರು ಚೆನ್ನಾಗಿ ಮಾಡಿದರು.

ಪಟ್ಟಿ ಮುಗಿದ ಮೇಲೆ ಖರ್ಚಿನ ಲೆಕ್ಕ. 2020ರ ನವೆಂಬರ್‌ನಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಕೇಸುಗಳಿಗೆ ಒಂದು ಶಿಸ್ತು ತಂದಿತು. ಗಂಡ, ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ತಿಂಗಳ ಖರ್ಚನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ಊರವರ ಲೆಕ್ಕ ಬರೆಯುವ ಈ ಹುಡುಗಿಗೆ ತನ್ನ ಮನೆಯ ಲೆಕ್ಕ ಗೊತ್ತಿರಲಿಲ್ಲ. ಹಾಲು, ಸ್ಕೂಲ್ ವ್ಯಾನು, ಮಗುವಿನ ಗಂಟಲುನೋವಿನ ಔಷಧಿ, ಚಿಕ್ಕಮ್ಮನ ಬಿಪಿ ಮಾತ್ರೆ ಎಂದು ಮೂರು ತಿಂಗಳು ಬರೆದಳು. ಇದನ್ನು ವಕೀಲರ ಗುಮಾಸ್ತರೂ ಮಾಡಿಸಬಹುದಿತ್ತಲ್ಲ ಎಂದರೆ, ಹೌದು, ಮಾಡಿಸಬಹುದಿತ್ತು. ಆದರೆ ಪ್ರತಿ ಶನಿವಾರ "ಬರೆದ್ರಾ?" ಎಂದು ಕೇಳುವ ಗುಮಾಸ್ತರು ಸಿಗಬೇಕಲ್ಲ.

ಸಂದೇಶಗಳ ವಿಷಯಕ್ಕೆ ಬಂದರೆ, ನನ್ನನ್ನು ಆ ಹುದ್ದೆಯಿಂದ ವಜಾ ಮಾಡಲಾಯಿತು. ಕೋಚ್ ಹಾಕಿದ ಕಟ್ಟಳೆ: ರಾತ್ರಿ ಒಂಬತ್ತರ ಮೇಲೆ ಉತ್ತರವಿಲ್ಲ, ಬರೆದರೆ ಮೂರು ಸಾಲು, ಮಗು, ದುಡ್ಡು, ತಾರೀಖು ಬಿಟ್ಟು ನಾಲ್ಕನೆಯ ವಿಷಯ ಬೇಡ. ಚುಟುಕಾಗಿ, ಮಾಹಿತಿಯಷ್ಟೇ ಇರುವಂತೆ, ಸ್ನೇಹದ ದನಿಯಲ್ಲಿ, ಗಟ್ಟಿಯಾಗಿ ಬರೆಯುವ ಈ ಪದ್ಧತಿ ಅಮೆರಿಕದ ಬಿಲ್ ಎಡ್ಡಿ ಎಂಬ ವಕೀಲರದ್ದು. ಅವರು ಆಪ್ತ ಸಮಾಲೋಚಕರೂ ಹೌದು. ನಮ್ಮ ಕೋಚ್ ಅದನ್ನು ಇನ್ನೂ ಸಲೀಸಾಗಿ ಹೇಳಿದರು: "ತಹಶೀಲ್ದಾರರಿಗೆ ಅರ್ಜಿ ಬರೆದ ಹಾಗೆ ಬರೀರಿ." ಮಗುವಿಗೆ ಜ್ವರ ಬಂದ ದಿನ ಇವಳು ಮೊದಲು ಬರೆದದ್ದು ಹದಿನಾಲ್ಕು ಸಾಲು, ನೀವು ಇದ್ದಿದ್ದರೆ, ನೀವು ಯಾವತ್ತಾದರೂ, ನಿಮ್ಮಮ್ಮ. ಕಳಿಸಿದ್ದು: "ಮಗುವಿಗೆ ಜ್ವರ, 101 ಡಿಗ್ರಿ. ಡಾಕ್ಟರಿಗೆ ತೋರಿಸಿದ್ದೇನೆ. ಈ ಭಾನುವಾರದ ಭೇಟಿಯನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣವೇ?" ಸಾಹಿತ್ಯದ ದೃಷ್ಟಿಯಿಂದ ಇದರಲ್ಲಿ ಏನೂ ಇಲ್ಲ. ಐದು ನಿಮಿಷದಲ್ಲಿ "ಸರಿ" ಎಂದು ಬಂತು. ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ಹುಟ್ಟಿದ ಮೊದಲ "ಸರಿ" ಅದು.

ಕೋಚ್ ಎಂಬ ಪದ ಹಂಗೇರಿಯ ಕೋಚ್ ಎನ್ನುವ ಹಳ್ಳಿಯದು. ಅಲ್ಲಿ ತಯಾರಾಗುತ್ತಿದ್ದ ಕುದುರೆ ಸಾರೋಟಿಗೆ ಊರಿನ ಹೆಸರೇ ನಿಂತು, ನಮ್ಮ ರೈಲು ಬೋಗಿಯ ತನಕ ಬಂದಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಆಕ್ಸ್‌ಫರ್ಡ್‌ನ ವಿದ್ಯಾರ್ಥಿಗಳು ಪರೀಕ್ಷೆ ದಾಟಿಸುವ ಪಾಠದ ಮೇಷ್ಟ್ರಿಗೆ ತಮಾಷೆಯಾಗಿ ಆ ಹೆಸರಿಟ್ಟರು. ಆಮೇಲೆ ಆಟ, ಆಟದಿಂದ ಆಫೀಸು. 1995ರಲ್ಲಿ ಅಮೆರಿಕದಲ್ಲಿ ಕೋಚ್‌ಗಳದೇ ಒಂದು ಅಂತರರಾಷ್ಟ್ರೀಯ ಒಕ್ಕೂಟ. ವಿಚ್ಛೇದನಕ್ಕೆ ಅದು ಬಂದ ದಾರಿ ಮಾತ್ರ ಬೇರೆ. ಮಿನಿಯಾಪೊಲಿಸ್‌ನಲ್ಲಿ ಸ್ಟುವರ್ಟ್ ವೆಬ್ ಎಂಬ ವಕೀಲರಿಗೆ ಗಂಡ ಹೆಂಡಿರ ವ್ಯಾಜ್ಯಗಳಲ್ಲಿ ಹೊಡೆದಾಡಿ ಸಾಕಾಗಿತ್ತು. 1990ರಲ್ಲಿ ಅವರು, ಇನ್ನು ಮೇಲೆ ಒಪ್ಪಂದಕ್ಕೆ ಕೂರುವವರ ಕೇಸು ಮಾತ್ರ ತೆಗೆದುಕೊಳ್ಳುತ್ತೇನೆ, ಒಪ್ಪಂದ ಮುರಿದು ಕೋರ್ಟಿಗೆ ಹೋಗುವುದಾದರೆ ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದುಬಿಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಪೆಗ್ಗಿ ಥಾಂಪ್ಸನ್ ಮೊದಲಾದ ಮನಶ್ಶಾಸ್ತ್ರಜ್ಞರು ಇದಕ್ಕೆ ಒಂದು ತಂಡವನ್ನೇ ಕಟ್ಟಿದರು: ಇಬ್ಬರಿಗೂ ಒಬ್ಬೊಬ್ಬ ಕೋಚ್, ಮಗುವಿನ ಪರವಾಗಿ ಮಾತಾಡಲು ಒಬ್ಬರು, ದುಡ್ಡಿನ ಲೆಕ್ಕಕ್ಕೆ ಯಾರ ಕಡೆಗೂ ಸೇರದ ಒಬ್ಬರು.

ಅದು ಅಲ್ಲಿ ಬೇರು ಬಿಟ್ಟಿದ್ದಕ್ಕೆ ಕಾರಣವಿದೆ. ಕ್ಯಾಲಿಫೋರ್ನಿಯಾದಲ್ಲಿ 1970ರಿಂದಲೇ ವಿಚ್ಛೇದನ ಪಡೆಯಲು ಯಾರ ತಪ್ಪನ್ನೂ ರುಜುವಾತು ಮಾಡಬೇಕಾಗಿಲ್ಲ. ನಮ್ಮಲ್ಲಿ ಹಾಗಲ್ಲ. ಮದುವೆ ಸರಿಪಡಿಸಲಾರದಷ್ಟು ಮುರಿದಿದೆ ಎಂಬುದನ್ನೇ ಕಾರಣವಾಗಿ ಸೇರಿಸಿ ಎಂದು ಕಾನೂನು ಆಯೋಗ 1978ರಲ್ಲೇ ಹೇಳಿತ್ತು, 2009ರಲ್ಲಿ ಮತ್ತೆ ಹೇಳಿತು. ಹಿಂದೂ ವಿವಾಹ ಕಾಯ್ದೆಗೆ ಅದು ಇನ್ನೂ ಸೇರಿಲ್ಲ. 2023ರ ಮೇ 1ರಂದು ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ ಸಂವಿಧಾನ ಪೀಠ, 142ನೇ ವಿಧಿಯ ಬಲದಿಂದ ತಾನು ಅಂಥ ವಿಚ್ಛೇದನ ಕೊಡಬಹುದು ಎಂದಿತು. ಅದು ಸುಪ್ರೀಂ ಕೋರ್ಟಿಗಷ್ಟೇ ಇರುವ ಅಧಿಕಾರ. ಒಬ್ಬರು ಒಪ್ಪದಿದ್ದರೆ ಬೆಂಗಳೂರಿನ ಕುಟುಂಬ ನ್ಯಾಯಾಲಯದಲ್ಲಿ ಇನ್ನೊಬ್ಬರು ಕ್ರೌರ್ಯವನ್ನೋ ಪರಿತ್ಯಾಗವನ್ನೋ ವ್ಯಭಿಚಾರವನ್ನೋ ಸಾಬೀತು ಮಾಡಲೇಬೇಕು. ದೂರಬೇಡಿ ಅನ್ನುತ್ತಾರೆ ಕೋಚ್. ದೂರದೆ ಗೆಲ್ಲಲಾಗುವುದಿಲ್ಲ ಅನ್ನುತ್ತದೆ ಅರ್ಜಿಯ ನಮೂನೆ. ಅಲ್ಲಿಂದ ತಂದ ಈ ಗಿಡಕ್ಕೆ ನಮ್ಮ ಮಣ್ಣಿನಲ್ಲಿರುವ ಕಲ್ಲು ಇದು. ಜಯನಗರದ ಆ ಹೆಂಗಸು ಇದನ್ನು ಮೊದಲೇ ಹೇಳಿದ್ದರು, ಅದು ಅವರ ಪ್ರಾಮಾಣಿಕತೆ: "ಅರ್ಜೀಲಿ ನಿಮ್ಮ ವಕೀಲರು ಏನು ಬರೀಬೇಕೋ ಬರೀಲಿ. ಅದನ್ನ ನೀವು ದಿನಾ ಓದಬೇಡಿ."

ನಮ್ಮಲ್ಲಿ ಬಿಡುಗಡೆಯೇನೂ ಪೇಟೆಯಿಂದ ಬಂದದ್ದಲ್ಲ. ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಹಿರಿಯರ ಮುಂದೆ ಬಿಡುಗಡೆ, ಆಮೇಲೆ ಉಡಿಕೆ ಅಥವಾ ಕೂಡಿಕೆ ಎಂಬ ಮರುಮದುವೆ ನಡೆದುಕೊಂಡು ಬಂದಿದೆ. 1955ರ ಹಿಂದೂ ವಿವಾಹ ಕಾಯ್ದೆಯೂ 29ನೇ ಕಲಮಿನಲ್ಲಿ ರೂಢಿಯ ಬಿಡುಗಡೆಯನ್ನು ಉಳಿಸಿಕೊಂಡಿದೆ. ಆ ಕಟ್ಟೆಪಂಚಾಯ್ತಿಗಳನ್ನು ಹೊಗಳಲು ನನಗೆ ಮನಸ್ಸಿಲ್ಲ. ಕಟ್ಟೆಯ ಮೇಲೆ ಕೂತವರೆಲ್ಲ ಗಂಡಸರು, ಎಲ್ಲರೂ ಒಂದಲ್ಲ ಒಂದು ಕಡೆಯ ನೆಂಟರು. ಆ ಹೆಣ್ಣಿನ ಪಕ್ಕದಲ್ಲಿ ಕೂತು, ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತೀಯವ್ವ ಎಂದು ಕೇಳುವವರು ಅಲ್ಲೂ ಇರಲಿಲ್ಲ.

ಬೆಂಗಳೂರಿನ ಕುಟುಂಬ ನ್ಯಾಯಾಲಯ ಇರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ವಾಯಿದೆಯ ದಿನ ಅವಳ ಜೊತೆಗೆ ಹೋಗುತ್ತಿದ್ದವಳು ನಾನು. ಕೋಚ್ ಬರುವ ಜಾಗ ಅದಲ್ಲ. ಲಿಫ್ಟಿನ ಮುಂದೆ ಸಾಲು, ಜೆರಾಕ್ಸ್ ಹಿಡಿದು ಓಡುವ ಕಿರಿಯ ವಕೀಲರು, ಬೆಂಚಿನ ಮೇಲೆ ಬಿಸ್ಕತ್ತು ತಿನ್ನುತ್ತ ಎರಡೂ ಕಡೆಯ ಅಜ್ಜಿಯರನ್ನು ಸರದಿಯಂತೆ ನೋಡುವ ಮಗು. ದಲಾಯತ್ ಹೆಸರು ಕೂಗಿದಾಗ ಮದುವೆಪತ್ರಿಕೆಯಲ್ಲಿ ಒಟ್ಟಿಗೆ ಅಚ್ಚಾಗಿದ್ದ ಎರಡು ಹೆಸರುಗಳು ಮತ್ತೆ ಒಟ್ಟಿಗೆ ಕೇಳುತ್ತವೆ. ಇಲ್ಲಿ ವಕೀಲರನ್ನು ಹಕ್ಕಿನಿಂದ ಕರೆದುಕೊಂಡು ಬರುವಂತಿಲ್ಲ, ನ್ಯಾಯಾಲಯದ ಅನುಮತಿ ಬೇಕು ಎನ್ನುತ್ತದೆ ಕಾಯ್ದೆಯ 13ನೇ ಕಲಮು. ರೂಢಿಯಲ್ಲಿ ಎಲ್ಲರ ಜೊತೆಯೂ ವಕೀಲರಿರುತ್ತಾರೆ. ನ್ಯಾಯಾಲಯಕ್ಕೇ ಸಮಾಲೋಚಕರಿದ್ದಾರೆ, ಅದೇ ಕಟ್ಟಡದಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರವೂ ಇದೆ. ಇವರ ಮೊದಲ ಕರ್ತವ್ಯ ರಾಜಿ. ಮದುವೆ ಉಳಿಸಲು ಆಗುತ್ತದೆಯೇ ಎಂದು ನೋಡುವುದು, ಆಗದಿದ್ದರೆ ಜಗಳವಿಲ್ಲದೆ ಮುಗಿಸುವುದು. ಕೋಚ್‌ಗೆ ಆ ಹೊರೆ ಇಲ್ಲ.

ಮಧ್ಯಸ್ಥಿಕೆಯ ಹಿಂದಿನ ದಿನ ಕೋಚ್ ಅವಳಿಂದ ಒಂದೇ ಕೆಲಸ ಮಾಡಿಸಿದರು. ಮೂರು ಚೀಟಿ: ಇದನ್ನು ಬಿಡಲಾರೆ, ಇದರಲ್ಲಿ ಚೌಕಾಸಿಗೆ ಸಿದ್ಧ, ಇದು ಹೋದರೂ ಪರವಾಗಿಲ್ಲ. ಮೊದಲನೆಯದರಲ್ಲಿ ಮಗಳ ವಾಸ ಮತ್ತು ಅಜ್ಜಿಯ ಕಾಸಿನ ಸರ. ಮೂರನೆಯದರಲ್ಲಿ, ನನಗೆ ಆಶ್ಚರ್ಯವಾಗುವಂತೆ, 'ಅವನು ತಪ್ಪು ಒಪ್ಪಿಕೊಳ್ಳಬೇಕು' ಎಂಬ ಸಾಲಿತ್ತು. ಅದಕ್ಕಾಗಿಯೇ ತಾನೇ ನಾವೆಲ್ಲ ಒಂದೂವರೆ ವರ್ಷ ಬಡಿದಾಡಿದ್ದು! ನಾಲ್ಕು ಸಿಟ್ಟಿಂಗಿನಲ್ಲಿ ಒಪ್ಪಂದವಾಯಿತು. ಅವನು ಹಾಕಿದ್ದ ಕ್ರೌರ್ಯದ ಅರ್ಜಿ, ಇಬ್ಬರೂ ಒಪ್ಪಿ ಕೇಳುವ 13ಬಿ ಅರ್ಜಿಯಾಯಿತು. 1976ರ ತಿದ್ದುಪಡಿ ತಂದ ಈ ದಾರಿಯಲ್ಲಿ ಎರಡನೆಯ ಸಲ ಹಾಜರಾಗುವ ಮೊದಲು ಆರು ತಿಂಗಳು ಕಾಯಬೇಕು. ಬಹಳ ಕಾಲದಿಂದ ಬೇರೆ ಇದ್ದು, ಜೀವನಾಂಶ, ಮಗು ಎಲ್ಲ ತೀರ್ಮಾನವಾಗಿ, ರಾಜಿಯ ದಾರಿಗಳೂ ಮುಗಿದಿದ್ದರೆ ಆ ಅವಧಿಯನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ. ಇವರದೂ ಮನ್ನಾ ಆಯಿತು.

ಇಷ್ಟು ಹೇಳಿದ ಮೇಲೆ ಕಹಿಯದ್ದನ್ನೂ ಹೇಳಬೇಕು. ನಮ್ಮ ದೇಶದಲ್ಲಿ ಯಾರು ಬೇಕಾದರೂ ನಾಳೆ ಬೆಳಿಗ್ಗೆ ಡಿವೋರ್ಸ್ ಕೋಚ್ ಎಂದು ಬೋರ್ಡು ಹಾಕಿಕೊಳ್ಳಬಹುದು. ವಕೀಲರಿಗೆ 1961ರ ಕಾಯ್ದೆ, ಬಾರ್ ಕೌನ್ಸಿಲ್ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಪುನರ್ವಸತಿ ಮಂಡಳಿಯ ನೋಂದಣಿ ಇದೆ. ಕೋಚ್‌ಗೆ ಯಾವುದೂ ಇಲ್ಲ. ಎರಡು ದಿನದ ಆನ್‌ಲೈನ್ ತರಬೇತಿಯ ಸರ್ಟಿಫಿಕೇಟನ್ನು ಫ್ರೇಮ್ ಹಾಕಿಸಿಕೊಂಡವರನ್ನೂ ನಾವು ನೋಡಿದೆವು. ಒಬ್ಬರು ಫೋನಿನಲ್ಲೇ "ಮೂರು ಸೆಶನ್‌ನಲ್ಲಿ ನಿಮ್ಮ ಗಂಡ ವಾಪಸ್ ಬರ್ತಾರೆ" ಅಂದರು. ಅದಕ್ಕೆ ಊರಿನಲ್ಲಿ ಬೇರೆಯವರಿದ್ದಾರೆ, ದಕ್ಷಿಣೆಯೂ ಕಡಿಮೆ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ್ದು. ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ಕಾವಲು ಇದೆ. ನಿಮ್ಮ ಒಪ್ಪಿಗೆ ಇಲ್ಲದೆ ಅವರು ಅದನ್ನು ಹೊರಗೆಡಹುವಂತಿಲ್ಲ. ಕೋಚ್‌ಗೆ ಹೇಳಿದ್ದಕ್ಕೆ ಆ ಕಾವಲಿಲ್ಲ. ಆದ್ದರಿಂದ ಕೇಸಿನ ಗುಟ್ಟು ಏನಿದ್ದರೂ ವಕೀಲರ ಕೋಣೆಯಲ್ಲೇ ಇರಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಹೊಡೆತ ಬಡಿತ ಇರುವ ಮನೆಯದು. ಅಂಥಲ್ಲಿ ಸಮಾಧಾನದಿಂದ ಮೂರು ಸಾಲು ಬರೆಯಿರಿ ಎಂದು ಹೇಳಿಕೊಡುವವರು ಆ ಹೆಂಗಸನ್ನು ಮತ್ತಷ್ಟು ಅಪಾಯಕ್ಕೆ ತಳ್ಳುತ್ತಾರೆ. ಅಲ್ಲಿ ಬೇಕಾದ್ದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ, ಮನೆಯಿಂದ ಹೊರದಬ್ಬದಂತೆ ನ್ಯಾಯಾಲಯದ ಆದೇಶ, 181ಕ್ಕೆ ಒಂದು ಫೋನು. ಕಾಸಿಲ್ಲದವರಿಗೆ ಗಂಟೆಗೆ 2,000 ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯೂ ಇದೆ. ಹೆಂಗಸರಿಗೆ ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. 1987ರ ಕಾಯ್ದೆ ಕೊಟ್ಟ ಹಕ್ಕು ಅದು, ಸಹಾಯವಾಣಿ 15100. ಸಾಂತ್ವನ ಕೇಂದ್ರಗಳಲ್ಲಿ, ಸಖಿ ಕೇಂದ್ರಗಳಲ್ಲಿ ಕೂತಿರುವ ಆಪ್ತ ಸಮಾಲೋಚಕಿಯರು ಕೋಚ್ ಎಂಬ ಪದ ಕೇಳದೆಯೇ ಇದೇ ಕೆಲಸವನ್ನು ಇದಕ್ಕಿಂತ ಕಷ್ಟದ ಸ್ಥಿತಿಯಲ್ಲಿ ಮಾಡುತ್ತಾರೆ.

ಹೇಳಿಕೊಳ್ಳಲು ಒಬ್ಬರು ಬೇಕಾಗಿರುವುದು ಹೆಂಗಸರಿಗೆ ಮಾತ್ರವಲ್ಲ. ನ್ಯಾಯದೇಗುಲದ ಮೆಟ್ಟಿಲ ಮೇಲೆ ಪರಿಚಯವಾದ ಒಬ್ಬ ಗಂಡಸಿನ ಮಾತೂ ನೆನಪಿದೆ. ನಲವತ್ತು ದಾಟಿದ ವಯಸ್ಸು. ತಿಂಗಳಿಗೆ ಎರಡು ಸಲ ಮಗನ ಭೇಟಿ. "ಮೇಡಂ, ಮಾಲ್‌ಗೆ ಕರ್ಕೊಂಡು ಹೋಗ್ತೀನಿ, ಆಮೇಲೆ ಏನು ಮಾತಾಡ್ಬೇಕು ಗೊತ್ತಾಗಲ್ಲ" ಅಂದರು. ಯಾರಿಗಾದರೂ ಹೇಳಿಕೊಂಡಿದ್ದೀರಾ ಎಂದರೆ, ಆಫೀಸಿನಲ್ಲಿ ಹೆಂಡತಿ ಡೆಪ್ಯುಟೇಷನ್ ಮೇಲೆ ಹೈದರಾಬಾದಿನಲ್ಲಿದ್ದಾಳೆ ಎಂದು ಹೇಳಿದ್ದೇನೆ ಎಂದರು. ಎರಡು ವರ್ಷದಿಂದ ಅದೇ ಡೆಪ್ಯುಟೇಷನ್.

ನಮ್ಮ ಕೋಚ್ ಕೂಡ ಎಡವಿದ್ದುಂಟು. ಒಮ್ಮೆ ಗಂಡನಿಗೆ ಕ್ಷಮೆಯ ಪತ್ರ ಬರೆದು ಹರಿದುಹಾಕಿ ಅಂದರು. "ಬೇಡ ಮೇಡಂ" ಎಂದು ಇವಳು ಎದ್ದು ಬಂದಳು. ಇನ್ನೊಮ್ಮೆ 'ಐದು ವರ್ಷದ ನಂತರದ ನಾನು' ಎಂದು ಒಂದು ಪುಟ ಬರೆಯಲು ಕೊಟ್ಟರು. 'ಐದು ವರ್ಷದ ನಂತರ ನನ್ನ ಮಗಳಿಗೆ ಹನ್ನೆರಡು' ಎಂದು ಒಂದು ಸಾಲು ಬರೆದು ಪೆನ್ನು ಕೆಳಗಿಟ್ಟಳು.

ಅವರ ಹಾಳೆಗಳಲ್ಲಿ ಇಲ್ಲದ ಪ್ರಶ್ನೆಯೂ ಬಂತು. ತೀರ್ಪಾದ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಡಬೇಕೋ ಬೇಡವೋ? ಚಿಕ್ಕಮ್ಮ ಹದಿನೈದು ದಿನ ಮೊದಲೇ ನನಗೆ ಫೋನ್ ಮಾಡಿದರು, ನನಗೆ ಗೊತ್ತಿರಲಿಲ್ಲ. ಪುರೋಹಿತರು ಶಾಸ್ತ್ರ ನೋಡಿ ಹೇಳುತ್ತೇನೆಂದವರು ಹೇಳಲಿಲ್ಲ. ಕೋಚ್, "ಇದು ನನಗೆ ತಿಳಿಯದ ವಿಷಯ, ನಿಮ್ಮಮ್ಮನ್ನೇ ಕೇಳಿ" ಅಂದರು. ಹಬ್ಬದ ಬೆಳಿಗ್ಗೆ ಚಿಕ್ಕಮ್ಮ ಬಾಗಿನದ ಮೊರಗಳ ಸಮೇತ ಅರಸೀಕೆರೆಯ ಮೊದಲ ಬಸ್ಸು ಹತ್ತಿ ಬಂದಿಳಿದರು. ಬಾಗಿಲಲ್ಲೇ ನಿಂತು, "ಬಾಗಿನ ಕೊಡೋದು ಮಗಳಿಗೆ, ಅಳಿಯನಿಗಲ್ವಲ್ಲ" ಎಂದು ಯಾರೂ ಕೇಳದಿದ್ದರೂ ಹೇಳಿದರು.

ಕೊನೆಯ ಶನಿವಾರದ ಹಾಳೆಯಲ್ಲಿ ಭಾವನೆಯ ವಿಷಯ ಒಂದೂ ಇರಲಿಲ್ಲ. ಬ್ಯಾಂಕು, ಪಿಎಫ್, ಗ್ಯಾಸು, ಎಲ್‌ಐಸಿ. ನ್ಯಾಯಾಲಯ ಮದುವೆಯನ್ನು ಮುರಿದರೂ ಪಾಲಿಸಿಯ ನಾಮಿನಿ ಕಾಲಮ್ಮಿನಲ್ಲಿರುವ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ, ಹೋಗಿ ಬದಲಿಸಬೇಕು. ಹೊಸ ನಾಮಿನಿ ಮಗಳು. ಮಗಳು ಚಿಕ್ಕವಳಾದ್ದರಿಂದ ಅವಳ ಪರವಾಗಿ ಹಣ ತೆಗೆದುಕೊಳ್ಳುವ ಇನ್ನೊಬ್ಬರ ಹೆಸರು ಬೇಕು.

ಒಂದು ಮಂಗಳವಾರ ಮಧ್ಯಾಹ್ನ ಅವಳ ಫೋನು: "ಅಕ್ಕಾ, ನಿನ್ನ ಆಧಾರ್ ತಗೊಂಡು ಬಾ." ಹೋದೆ. ಕೌಂಟರಿನ ಹಿಂದಿದ್ದ ಹುಡುಗ ಫಾರಂ ತಿರುಗಿಸಿ ನೋಡಿ, "ಸಂಬಂಧ ಏನ್ ಬರ್ಕೊಳ್ಲಿ ಮೇಡಂ? ಇನಿಶಿಯಲ್ ಬೇರೆ ಇದೆ, ಕಸಿನ್ ಅಂತ ಹಾಕ್ಲಾ?" ಎಂದ.

"ಅಕ್ಕ ಅಂತಾನೇ ಬರೀರಿ" ಅಂದಳು.